ಹದಿನಾಲ್ಕನೆಯ ತುಂಡು

ಊರಿನ ಹದಿಮೂರು ಮಂದಿ ಹೊಟ್ಟೆ ಹಿಡಿದುಕೊಂಡು ಮಲಗಿದ ಆ ಸೋಮವಾರ ಬೆಳಿಗ್ಗೆ, ಸುದ್ದಿ ಕೇಳಿ ಕುಣಿದಾಡಿದವನು ಎರ್ಲೆಂಡ್ ಒಬ್ಬನೇ.

ಅವನನ್ನು ಕಟುಕನೆನ್ನಬೇಡಿ. ಕಾಲೇಜಿನಲ್ಲಿ ಅವನ ಮುಖ್ಯ ವಿಷಯ ಸಂಗೀತ. “ತುತ್ತೂರಿ ಊದಿದ್ರೆ ಹೊಟ್ಟೆ ತುಂಬುತ್ತೇನೋ?” ಎಂದು ಅಜ್ಜಿ ರಾಗ್ನಾ ಕೇಳಿದ್ದಕ್ಕೆ, ಜೊತೆಯಲ್ಲಿ ಸಾರ್ವಜನಿಕ ಆರೋಗ್ಯವನ್ನು ಮೈನರ್, ಅಂದರೆ ಉಪವಿಷಯ, ಮಾಡಿಕೊಂಡಿದ್ದ. ಒಂದು ಸೌಟು ಜೀವಶಾಸ್ತ್ರ, ಒಂದು ಸೌಟು ಅಂಕಿಅಂಶ, ಒಂದು ಸೌಟು ಸಮಾಜಶಾಸ್ತ್ರ. ಮನೆಗೊಂದು ಪಾತ್ರೆ ತಂದು ಉಣ್ಣುವ ಚರ್ಚಿನ ಪಾಟ್‌ಲಕ್ ತಟ್ಟೆಯ ಹಾಗೆ ಎಲ್ಲವೂ ಒಂದರೊಳಗೊಂದು ಹರಿಯುವ ಓದು. ಅದು ಮುಗಿದರೆ ಕೌಂಟಿಯ ಆರೋಗ್ಯ ಕಚೇರಿಯಲ್ಲಿ ಕೆಲಸ ಖಾತ್ರಿ. ಊರು ಬಿಡಬೇಕಿಲ್ಲ, ಅಜ್ಜ ಐನಾರ್‌ನನ್ನೂ ಬಿಡಬೇಕಿಲ್ಲ. ಅಜ್ಜಿ ತೀರಿಕೊಂಡು ಐದು ತಿಂಗಳಾಗಿತ್ತು. ಬಾಕಿ ಇದ್ದದ್ದು ಒಂದೇ: ನಿಜವಾದ ಕಾಯಿಲೆಯೊಂದರ ಮೂಲ ಹುಡುಕಿ ವರದಿ ಕೊಡುವುದು. ಗಡುವು ಅದೇ ಸೋಮವಾರ ಸಂಜೆ ಐದು. ಅಮೆರಿಕದ ಮಿನ್ನೆಸೋಟಾದ ಆ ಚಳಿಯಲ್ಲೋ, ರೋಗಾಣುಗಳೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಊಟವಾಗಿತ್ತು. ಮೇಲೆ ಪ್ರಾರ್ಥನೆಗೆ ಊದಿದ ತುತ್ತೂರಿಯನ್ನು ಒರೆಸಿಟ್ಟು ಎರ್ಲೆಂಡ್ ಇಳಿದು ಬರುವಷ್ಟರಲ್ಲಿ ಪಾತ್ರೆಗೊಂದರಂತೆ ಕೊನೆಯ ತುಂಡು ಉಳಿದಿತ್ತು. ಅಲ್ಲಿನ ಜನ ಹಸಿದು ಸತ್ತರೂ ಸತ್ತಾರು, ಕೊನೆಯ ತುಂಡನ್ನು ಮಾತ್ರ ಮುಟ್ಟುವುದಿಲ್ಲ. ಅವನೂ ಬರೀ ಕಾಫಿ ಕುಡಿದು ಹೋಗಿದ್ದ.

ಈಗ ಹಾಳೆ ಹಿಡಿದು ಮನೆ ಮನೆ ತಿರುಗಿದ. ಪೋಸ್ಟ್‌ಮ್ಯಾನ್ ವೆಂಡೆಲ್ ಬಚ್ಚಲಿನ ಬಾಗಿಲ ಹಿಂದಿನಿಂದಲೇ ಮಾತಾಡಿದ.

“ಯಾವುದಾದ್ರೂ ರುಚಿ ಕೆಟ್ಟಿತ್ತಾ?”

“ಛೆ ಛೆ, ಎಲ್ಲಾ ಚೆನ್ನಾಗಿತ್ತಪ್ಪ. ಒಂದ್ನಿಮಿಷ ಇರು.” ಒಳಗೆ ನೀರು ಸುರಿದ ಸದ್ದು. “ಹಾಂ, ತುಂಬಾ ಚೆನ್ನಾಗಿತ್ತು.”

ಹೋದಲ್ಲೆಲ್ಲ ಅದೇ ರಾಗ. ಇನ್ನೊಬ್ಬರ ಅಡುಗೆಯನ್ನು ಆ ಊರಿನಲ್ಲಿ ಯಾರೂ ಹಳಿಯುವುದಿಲ್ಲ. ವಿಷ ಬಡಿಸಿದರೂ ‘ಬೇರೆ ಥರ ಇತ್ತು’ ಎಂದಾರು, ಅದೇ ಅಲ್ಲಿಯ ದೊಡ್ಡ ಬೈಗುಳ. ಮಧ್ಯಾಹ್ನ ಕೂಡಿ ಕಳೆದು ನೋಡಿದರೆ, ಮಲಗಿದವರೂ ಓಡಾಡುವವರೂ ಹೇಳಿದ್ದು ಅದೇ ಹತ್ತು ತಿನಿಸು. ಯಾರೂ ಬಾಯಿಬಿಡದ ಹನ್ನೊಂದನೆಯದೊಂದು ಇರಲೇಬೇಕು.

ಚರ್ಚಿನ ಅಡುಗೆಮನೆ ಮಿಸೆಸ್ ಆಮಟ್ ಅವರ ಸಾಮ್ರಾಜ್ಯ. ಎಪ್ಪತ್ತು ದಾಟಿದವರು, ಹದಿಮೂರರಲ್ಲಿ ಅವರೂ ಒಬ್ಬರು. ಮುಖಕ್ಕೆ ಸುಣ್ಣ ಬಳಿದಂತಿದ್ದರೂ ಬಂದು ಸೌಟು ಎಣಿಸುತ್ತಿದ್ದರು.

“ಆ ಕಪಾಟಲ್ಲಿ ಏನೂ ಇಲ್ಲ ಮರಿ, ಮನೆಗೆ ಹೋಗು.”

ಎರ್ಲೆಂಡ್ ಇನ್ನೂ ಕಪಾಟಿನ ಮಾತೇ ಎತ್ತಿರಲಿಲ್ಲ.

ಅದರೊಳಗೆ, ಕಾಫಿ ಹಂಡೆಯ ಹಿಂದೆ, ಒಂದು ಗಾಜಿನ ಪಾತ್ರೆ. ಆಲೂಗಡ್ಡೆ, ಮಾಂಸ, ಕೆನೆ ಹಾಕಿ ಬೇಯಿಸಿದ ಹಾಟ್‌ಡಿಷ್‌ನ ಒಂದೇ ತುಂಡು ಉಳಿದಿತ್ತು. ಪಾತ್ರೆ ಅದಲುಬದಲಾಗದಿರಲೆಂದು ಅಲ್ಲಿ ಎಲ್ಲರೂ ತಳಕ್ಕೆ ಹೆಸರಿನ ಟೇಪು ಅಂಟಿಸುತ್ತಾರೆ. ಎರ್ಲೆಂಡ್ ಎತ್ತಿ ನೋಡಿದ. ಅಜ್ಜಿಯ ದುಂಡನೆಯ ಅಕ್ಷರದಲ್ಲಿ ‘ರಾಗ್ನಾ’ ಎಂದಿತ್ತು.

ಪಾತ್ರೆಯನ್ನು ಕೋಟಿನೊಳಗೆ ಅವಿತಿಟ್ಟುಕೊಂಡು ಮನೆಗೆ ಓಡಿದ.

“ಫ್ರೀಜರ್ ತಳದಲ್ಲಿ ಸಿಕ್ತು ಕಣೋ,” ಎಂದ ಅಜ್ಜ, ಕಣ್ಣರಳಿಸಿ. “ಅವಳು ಮಾಡಿಟ್ಟಿದ್ದರಲ್ಲಿ ಕೊನೇದು. ನಿನ್ನೆ ನಮ್ಮ ಮದುವೆ ಆದ ದಿನ ಅಲ್ವಾ, ಊರವರೂ ತಿನ್ನಲಿ ಅಂತ ಒಯ್ದೆ. ಕಲ್ಲಾಗಿತ್ತು. ಎರಡು ದಿನ ನನ್ನ ರೂಮಿನ ಹೀಟರ್ ಮೇಲಿಟ್ಟು ನಿಧಾನಕ್ಕೆ ಕರಗಿಸಿದೆ.”

“ಎರಡು ದಿನಾನಾ ಅಜ್ಜ?”

“ಮತ್ತೆ? ಅಡುಗೇಲಿ ಅವಸರ ಮಾಡಿದ್ರೆ ಅವಳಿಗೆ ಆಗ್ತಿತ್ತಾ? ನಾನೇ ಬಡಿಸಿದೆ. ಎಲ್ರೂ ಹೇಗೆ ತಿಂದ್ರು ಅಂತೀಯ! ತಟ್ಟೇಲಿ ಚೂರೂ ಬಿಡಲಿಲ್ಲ. ಆ ಗಡಿಬಿಡೀಲಿ ನಾನೇ ಮುಟ್ಟಲಿಲ್ಲ ನೋಡು.”

ಐದು ತಿಂಗಳಲ್ಲಿ ಅಜ್ಜ ನಕ್ಕದ್ದು ಅದೇ ಮೊದಲು. ವರದಿ ಕೌಂಟಿಗೆ ಹೋಗುತ್ತದೆ, ಊರ ಗ್ರಂಥಾಲಯದ ಗೋಡೆಗೂ ಅಂಟುತ್ತದೆ. ಅಜ್ಜ ದಿನಾ ಪೇಪರು ಓದಲು ಹೋಗುವುದು ಅಲ್ಲಿಗೇ. ಅಜ್ಜಿಯ ಕೊನೆಯ ಅಡುಗೆಯ ಬಗ್ಗೆ ಅಲ್ಲಿ ಏನೆಂದು ಓದಬೇಕು ಅವನು? ಎರ್ಲೆಂಡ್ ಪಾತ್ರೆಯನ್ನು ಮೇಜಿನ ಮೇಲೇ ಮರೆತು ಕಾಲೇಜಿಗೆ ನಡೆದ.

ಐದಕ್ಕೆ ಹತ್ತು ನಿಮಿಷವಿರುವಾಗ ಪ್ರೊಫೆಸರ್ ಡೆಲಾನಿ ವರದಿ ತಿರುವಿದರು.

“ಮೂಲ: ಎರ್ಲೆಂಡ್ ತಂದ ಹಾಟ್‌ಡಿಷ್. ಯಾರಪ್ಪ ಈ ಎರ್ಲೆಂಡ್, ನೀನೇನಾ?”

“ನಾನೇ ಮೇಡಂ.”

“ಊರಿಗೆ ಕಾಯಿಲೆ ಹಚ್ಚಿದವನೂ ನೀನೇ, ಕಂಡುಹಿಡಿದವನೂ ನೀನೇ!” ಆಕೆ ಕನ್ನಡಕ ತೆಗೆದಿಟ್ಟರು. “ಗಡುವಿನೊಳಗೆ ಕಾಯಿಲೆ ಸಿಗಲಿಲ್ಲ ಅಂತ ಹುಡುಗ ತಾನೇ ತಯಾರು ಮಾಡ್ದ ಅಂತಾರೆ ಜನ. ಇದನ್ನ ನಾನು ಪಾಸ್ ಮಾಡೋಕಾಗಲ್ಲ.”

ಮೈನರ್ ಹೋಯಿತು. ಅದರ ಬೆನ್ನಿಗೆ ಕೆಲಸವೂ ಹೋಯಿತು.

ಹೊರಗೆ ಹಿಮದಲ್ಲಿ ಮಿಸೆಸ್ ಆಮಟ್ ನಡುಗುತ್ತ ಕಾದಿದ್ದರು. “ಏನು ಬರೆದ್ಯೋ?”

“ನಾನು ಮಾಡಿದ್ದು ಅಂತ.”

“ಅಯ್ಯೋ ಮಂಕೇ! ರಾಗ್ನಾ ಕೈರುಚಿ ನಮಗೆ ಗೊತ್ತಾಗಲ್ವಾ? ಮೊದಲ ತುತ್ತಿಗೇ ಅವಳದು ಅಂತ ಗೊತ್ತಾಯ್ತು. ಹಳಸಿದೆ ಅಂತಾನೂ ಗೊತ್ತಾಯ್ತು.”

“ಗೊತ್ತಿದ್ದೂ ತಿಂದ್ರಾ? ಹದಿಮೂರು ಜನಾನೂ?”

“ನಿಮ್ಮಜ್ಜ ಎದುರಿಗೇ ನಿಂತಿದ್ರಲ್ಲೋ, ಒಬ್ಬೊಬ್ಬರ ಬಾಯೇ ನೋಡ್ತಾ. ಉಗುಳೋಕಾಗ್ತಿತ್ತಾ?” ಮಿಸೆಸ್ ಆಮಟ್ ಅವರ ಕಣ್ಣು ತುಂಬಿತ್ತು. “ಮೂಲ ಸಿಗಲಿಲ್ಲ ಅಂತ ಒಂದು ಸಾಲು ಬರೆದಿದ್ರೆ ಆಗ್ತಿರಲಿಲ್ವಾ? ಅದಕ್ಕೇ ತಾನೇ ನಾವೆಲ್ಲ ಬಾಯಿ ಮುಚ್ಕೊಂಡಿದ್ದು?”

ಎರ್ಲೆಂಡನಿಗೆ ಅದು ಹೊಳೆದೇ ಇರಲಿಲ್ಲ. ಮೂರು ವರ್ಷ ಓದಿದ್ದೆಲ್ಲ ಮೂಲ ಹುಡುಕುವುದನ್ನೇ.

ಮನೆಯಲ್ಲಿ ಕೆನೆ ಬಿಸಿಯಾದ ವಾಸನೆ ಹರಡಿತ್ತು. ಅಜ್ಜ ತಟ್ಟೆ ಇಟ್ಟು ಕಾಯುತ್ತಿದ್ದ.

“ಬಾರೋ, ನಿನ್ನೆ ನಿನಗೆ ಸಿಗಲೇ ಇಲ್ಲ. ಕೊನೇ ತುಂಡು. ಬಿಸಿ ಮಾಡಿದೀನಿ.”

ಹಳಸಿದ ಅಡುಗೆಯ ಆ ವಿಷ ಬಿಸಿ ಮಾಡಿದರೂ ಹೋಗುವಂಥದ್ದಲ್ಲವೆಂದು ಮೂರನೆಯ ಪಾಠದಲ್ಲಿತ್ತು. ಆ ಪರೀಕ್ಷೆಯಲ್ಲಿ ತರಗತಿಗೆ ಅವನೇ ಮೊದಲು. ಅಜ್ಜ ಎದುರಿಗೆ ಕೂತು ಅವನ ಬಾಯನ್ನೇ ನೋಡುತ್ತಿದ್ದ. ಎರ್ಲೆಂಡ್ ಒಂದು ತುತ್ತು ಬಾಯಿಗಿಟ್ಟ. ಹುಳಿಯ ಅಡಿಯಲ್ಲಿ ಎಲ್ಲೋ ಅಜ್ಜಿ ಹಾಕುತ್ತಿದ್ದ ಜಾಯಿಕಾಯಿ ಇನ್ನೂ ಇತ್ತು. ದುಃಖ ಒತ್ತರಿಸಿ ಬಂತು.

“ಹೇಗಿದೆಯೋ?”

“ತುಂಬಾ ಚೆನ್ನಾಗಿದೆ ಅಜ್ಜ.”

“ಹಾಗಾದ್ರೆ ನಂಗೂ ಅರ್ಧ ಕೊಡೋ,” ಎಂದು ಅಜ್ಜ ಫೋರ್ಕ್ ಚಾಚಿದ.

ಎರ್ಲೆಂಡ್ ತಟ್ಟೆಯನ್ನು ಎದೆಗವಚಿಕೊಂಡು, ಒಂದು ಚೂರೂ ಬಿಡದೆ ಅಷ್ಟನ್ನೂ ತಿಂದು ಮುಗಿಸಿದ.

“ಹೊಟ್ಟೆಬಾಕ ಕಣೋ ನೀನು!” ಎಂದು ಅಜ್ಜ ಕಣ್ಣೊರೆಸಿಕೊಳ್ಳುತ್ತ ನಕ್ಕ.