ಹೊಳೆ ಮರಳಿನಲ್ಲಿ ಮೊಸರನ್ನ

ಈ ಬೇಸಗೆಯಲ್ಲಿ ಸುತ್ತಣ ಹೊಳೆ, ಕಾಡು, ಕಟ್ಟೆ ಒಂದನ್ನೂ ಬಿಡದೆ ನೋಡಿಯೇ ತೀರುವುದೆಂದು ಹುಣಸೂರು ಪೇಟೆಯ ಬೆಲ್ಲದ ವ್ಯಾಪಾರಿ ನೀಲಕಂಠಸ್ವಾಮಿಯವರು ತಕ್ಕಡಿ ಸಾಕ್ಷಿಯಾಗಿ ಘೋಷಿಸಿದರು. ಬೊಂಬಾಯಿ ಕಂಡು ಬಂದ ಗಿರಾಕಿಯೊಬ್ಬ, ಅಲ್ಲಿನ ಜನ ಸಮುದ್ರದ ಮರಳಿನ ಮೇಲೆ ಕೂತು ತಿಂಡಿ ತಿನ್ನುತ್ತಾರೆಂದು ಹೇಳಿ ಹೊಟ್ಟೆ ಉರಿಸಿ ಹೋಗಿದ್ದ.

"ಮರಳೇನು ಅವರಪ್ಪನ ಮನೇದಾ? ನಮ್ಮ ಲಕ್ಷ್ಮಣತೀರ್ಥದಲ್ಲಿಲ್ವಾ? ನೀರೊಂದು ಕಮ್ಮಿ, ಅಷ್ಟೆ!"

"ಹುಟ್ಟಿದಾಗಿಂದ ಇದೇ ಊರಲ್ಲಿದ್ದೀರಿ, ಹೊಳೆ ಇವತ್ತು ಕಾಣ್ತಾ?" ಎಂದರು ಹೆಂಡತಿ ಸುಂದ್ರಮ್ಮ.

ಕಾಣಲು ಕಾರಣವಿತ್ತು. ಬೆಟ್ಟದಪುರದ ಶಿವನಂಜಪ್ಪನವರು ಮಗನಿಗೆ ಹೆಣ್ಣು ನೋಡಲು ಹಿಂದಿನ ದಿನವೇ ಬಂದಿದ್ದರು. ಇವರ ಮಗಳನ್ನು ನೋಡಿದರು, ಉಪ್ಪಿಟ್ಟು ತಿಂದರು, ಮಲಗಿ ಎದ್ದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸುಮ್ಮನಾದ ಗಿರಾಕಿಯನ್ನು ಕೂತಲ್ಲೇ ಕೂರಿಸಬಾರದು, ತಿರುಗಾಡಿಸಿ ತಣ್ಣಗೆ ಮಾಡಬೇಕೆಂಬುದು ನೀಲಕಂಠಸ್ವಾಮಿಯವರ ಅಂಗಡಿಶಾಸ್ತ್ರ. ಬೆಳಗಾಗುತ್ತಲೇ ಗಾಡಿ ಹೂಡಿದರು.

ಹೊಳೆಯೆಂದರೆ ಬರೀ ಮರಳು. ಮಧ್ಯೆ ಒಂದೆರಡು ಮಡು, ದಡದಲ್ಲೊಂದು ಹೊಂಗೆಮರ. ಬುತ್ತಿಯೆಲ್ಲ ಒಂದೇ ಗಡಿಗೆಯ ಮೊಸರನ್ನ. ಸುಂದ್ರಮ್ಮ ಅದನ್ನು ಗಾಡಿಯ ಕೆಳಗೆ ಇಡಹೋದರು.

"ಹುಳಿ ಬಂದೋಯ್ತದೆ ಕಣೇ! ಹಸಿ ಮರಳಲ್ಲಿ ಹೂತು ಮಡಗಿದ್ರೆ ಸಂಜೆಗಂಟ ಮಂಜುಗಡ್ಡೆ ಇದ್ದಂಗಿರ್ತದೆ."

"ಹೂತ ಕಡೆ ಒಂದು ಕಡ್ಡಿನಾದ್ರೂ ಸಿಕ್ಸಿ."

"ಕಡ್ಡಿ ಸಿಕ್ಸಿದ್ರೆ ದಾರೀಲಿ ಹೋಗೋರಿಗೆಲ್ಲ ವಿಳಾಸ ಕೊಟ್ಟಂಗೆ! ಗುರುತು ನನ್ನ ತಲೇಲಿದೆ, ಬುಡು."

ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು, ಹೂತು, ಮೇಲೆ ಮರಳನ್ನು ಕೈಯಿಂದ ಸವರಿದರು. ಸ್ವತಃ ಭೂದೇವಿಗೂ ಅನುಮಾನ ಬರುವಂತಿರಲಿಲ್ಲ!

ಆಮೇಲೆ ಸಂಶೋಧನೆ. ಮರಳಿನಲ್ಲಿ ಯಾವುದೋ ಪ್ರಾಣಿಯ ಹೆಜ್ಜೆ, ಹೆಜ್ಜೆಯ ಹಿಂದೆ ಬಾಲ ಎಳೆದ ಗೆರೆ. ಅಲ್ಲಿಯವರೆಗೆ ಕಲ್ಲಿನಂತಿದ್ದ ಶಿವನಂಜಪ್ಪನವರು ಬಗ್ಗಿ ನೋಡಿದರು.

"ಇದ್ಯಾವುದು ಸ್ವಾಮಿ?"

"ಅದನ್ನ ತಿಳ್ಕೊಳಕ್ಕೇ ಬಂದಿರೋದು, ಬನ್ನಿ!"

ಹೆಜ್ಜೆ ಹಿಡಿದು ಮೂವರೂ ತಿರುವು ದಾಟಿ, ಬಂಡೆ ಹತ್ತಿ ಇಳಿದು ನಡೆದರು. ದೂರದ ಮಡುವಿನಲ್ಲಿ ನೀರುನಾಯಿಗಳ ಸಂಸಾರವೊಂದು ಒಂದೇ ಮೀನಿಗೆ ಜಗಳವಾಡುತ್ತಿತ್ತು. ಶಿವನಂಜಪ್ಪನವರು ಪೇಟ ತೆಗೆದು, ಮಕ್ಕಳಂತೆ ಬಂಡೆಯ ಮೇಲೆ ಕವುಚಿ ಮಲಗಿ ನೋಡಿದರು. ಕೆಲಸ ಕೈಗೂಡಿತೆಂದು ನೀಲಕಂಠಸ್ವಾಮಿಯವರು ಮೀಸೆ ಸವರಿಕೊಂಡರು.

ಹಿಂದಿರುಗಿದಾಗ ಸೂರ್ಯ ನೆತ್ತಿಯಿಂದ ವಾಲಿದ್ದ. ಶಿವನಂಜಪ್ಪನವರು ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ಬಾಳೆಎಲೆ ಹಾಸಿ, ಎಲೆ ಹಾರದಂತೆ ಮೂಲೆಗೊಂದು ಕಲ್ಲಿಟ್ಟು ಕೂತರು. ನೀಲಕಂಠಸ್ವಾಮಿಯವರು ಗಡಿಗೆ ತೆಗೆಯಲು ಹೋದರು. ಹೋದವರು ಬರಲಿಲ್ಲ!

ಸುಂದ್ರಮ್ಮ ಬಂದು ನೋಡಿದರೆ, ಗಂಡ ತೆಂಗಿನ ಕರಟ ಹಿಡಿದು ಮೊಣಕೈವರೆಗೂ ಮರಳಿನಲ್ಲಿದ್ದಾರೆ. ಪಕ್ಕದಲ್ಲಿ ಆಗಲೇ ನಾಲ್ಕಾರು ಗುಂಡಿ.

"ಗುರುತು ಏನು ಮಾಡಿದ್ರಿ?" ಎಂದು ಪಿಸುಗುಟ್ಟಿದರು.

"ಹೊಂಗೆಮರದ ನೆರಳಿನ ತುದಿ. ಸರಿಯಾಗಿ ತುದೀಲೇ ಮಡಗಿದ್ದೆ ಕಣೇ!"

"ಅಯ್ಯೋ ಶಿವನೇ! ನೆರಳೇನು ನಿಮ್ಮ ಅಂಗಡಿ ಆಳೇ, ಹೇಳಿದ ಜಾಗದಲ್ಲಿ ಕೂತಿರಕ್ಕೆ?"

ನೀಲಕಂಠಸ್ವಾಮಿಯವರು ಮರ ನೋಡಿದರು, ಸೂರ್ಯನನ್ನು ನೋಡಿದರು. ಬೆಳಿಗ್ಗೆ ಪಡುವಣಕ್ಕಿದ್ದ ನೆರಳು ಯಾವ ಮುಲಾಜೂ ಇಲ್ಲದೆ ಮೂಡಣಕ್ಕೆ ಹೊರಳಿತ್ತು!

"ಮೆಲ್ಲಗೆ ಮಾತಾಡೇ! ಅವರಿಗೆ ಗೊತ್ತಾದ್ರೆ, ಗಡಿಗೆ ಕಾಯಕ್ಕಾಗದ ಮನೆಯಿಂದ ಹೆಣ್ಣು ತರ್ತಾರಾ?"

ಪಡುವಣ ದಿಕ್ಕಿಗೆ ದಂಡಯಾತ್ರೆ ಹೊರಟಿತು. ತೋಡಿದಲ್ಲೆಲ್ಲ ತಿಳಿನೀರು ಜಿನುಗಿತೇ ವಿನಾ ಮೊಸರಿನ ಗಂಧವಿಲ್ಲ. ಅತ್ತ ಶಿವನಂಜಪ್ಪನವರ ಎಲೆ ಕಲ್ಲು ಕೊಡವಿಕೊಂಡು ಹಾರಿತು. ಹಿಡಿದು ತಂದು ಮತ್ತೆ ಹಾಸಿ ಕೂತರು. ಆಗಲೂ ಮಾತಿಲ್ಲ.

ಅಷ್ಟರಲ್ಲಿ ಪಕ್ಕದ ಹಳ್ಳಿಯ ಪುಟ್ಟಮಾದಮ್ಮ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕೊಡ, ಹಿಂದೆ ಹೆಂಗಸರ ಹಿಂಡಿನೊಡನೆ ಹೊಳೆಗಿಳಿದಳು. ಗುಂಡಿಗಳನ್ನು ಕಂಡು ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ಯಾರಪ್ಪಾ ಪುಣ್ಯಾತ್ಮರು! ನೀರಿಗೆ ಒರತೆ ತೋಡಿ ಅಂತ ನಮ್ಮ ಗಂಡಸ್ರಿಗೆ ಯುಗಾದಿಯಿಂದ ಬಾಯಿ ಬಡ್ಕೊಂಡೆ, ಒಬ್ರೂ ಏಳ್ನಿಲ್ಲ. ನೀವು ಕೇಳದೇನೆ ಇಷ್ಟೊಂದು ತೋಡಿದ್ದೀರಲ್ಲ!"

ನೀಲಕಂಠಸ್ವಾಮಿಯವರು ಎಲೆಯ ಮುಂದಿನ ಮೌನಮೂರ್ತಿಯತ್ತ ಒಂದು ಕಣ್ಣಿಟ್ಟು, ಗಟ್ಟಿಯಾಗಿ ಹೇಳಿದರು: "ಹೂಂ ಕಣವ್ವ. ಜನ ನೀರಿಲ್ದೆ ಒದ್ದಾಡ್ತಾವ್ರೆ, ನಂಗೆ ಉಣ್ಣಕ್ಕಾಯ್ತದಾ?"

ಸುಂದ್ರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಅಂಗಾದ್ರೆ ಆ ಕಡೇಲೂ ಒಂದು ತೋಡಿ ಬುಡಿ, ಸ್ವಲ್ಪ ಅಗಲಕ್ಕೆ. ದನಕ್ಕಾಯ್ತದೆ!"

ಪರೋಪಕಾರಿಯೆಂದು ಹೇಳಿಕೊಂಡ ಮೇಲೆ ಬೆನ್ನು ನೋವೆನ್ನಲಾದೀತೇ? ದನಕ್ಕೊಂದು, ಕರುವಿಗೊಂದು, ಬಟ್ಟೆ ಒಗೆಯಲೊಂದು! ಜುಬ್ಬ ಮೈಗಂಟಿತು, ಉಗುರು ಸವೆಯಿತು, ಗಡಿಗೆ ಮಾತ್ರ ಪಾತಾಳವಾಸಿಯಾಯಿತು. ಹೆಂಗಸರು ಮನಸ್ಸು ಕರಗಿ, ಊರಿಗೆ ಓಡಿ, ಬಿಸಿ ಮುದ್ದೆ, ಸೊಪ್ಪಿನ ಸಾರು ತಂದು ಬಡಿಸಿದರು. ಶಿವನಂಜಪ್ಪನವರು ಕಣ್ಣುಮುಚ್ಚಿ ಉಂಡರು, ಇನ್ನೊಂದು ಮುದ್ದೆ ಹಾಕಿಸಿಕೊಂಡರು, ಕೈ ತೊಳೆದರು, ಅಡಿಕೆ ಬಾಯಿಗೆ ಹಾಕಿದರು. ಕೊನೆಗೂ ಬಾಯಿ ತೆರೆದರು.

"ಬೀಗರೇ."

ಬೀಗರೇ! ನೀಲಕಂಠಸ್ವಾಮಿಯವರ ಬಾಗಿದ ಬೆನ್ನು ನೆಟ್ಟಗಾಯಿತು.

"ನಿಮ್ಮ ಹುಡುಗಿ ನಮಗೆ ಒಪ್ಪಿಗೆ. ಮದುವೆ ನಮ್ಮೂರಲ್ಲೇ ಆಗ್ಲಿ. ಆದ್ರೆ ಕೆರೆ ಬತ್ತೋಗಿದೆ, ನೆಂಟರಿಗೆ ನೀರು ಬೇಕಲ್ಲ. ನೀವು ನಾಲ್ಕು ದಿನ ಮುಂಚೇನೇ ಬಂದ್ಬುಡಿ."

"ಬತ್ತೀನಿ ಬುಡಿ ಬೀಗರೇ, ಅದಕ್ಕೇನಂತೆ!"

"ಬರುವಾಗ ಏನೂ ತರಬ್ಯಾಡಿ," ಎಂದರು ಶಿವನಂಜಪ್ಪನವರು, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ. "ಮೊಸರನ್ನದ ಗಡಿಗೇನ ಕೆರೆ ಅಂಗಳದಲ್ಲಿ ನಾವೇ ಹೂತು ಮಡಗಿರ್ತೀವಿ."