ಭುಜವಿಲ್ಲದ ಗಿಟಾರು

ಮಂಗಸೂಳಿಯ ಬಡಿಗ ಮುರಗೆಪ್ಪನ ಕಟ್ಟೆಗೆ ಆ ಮುಂಜಾನೆ ಬಂದದ್ದು ಮಲಗುವ ಹೊರಸಲ್ಲ, ಗಿಟಾರು. ಕುತ್ತಿಗೆ ಕಿತ್ತು ಕೈಗೆ ಬಂದಿತ್ತು. ಅದನ್ನು ತಂದವಳು ಪಕ್ಕದ ಮನೆಯ ಭೀಮಾಬಾಯಿಯ ಮೊಮ್ಮಗಳು ಕೋಮಲ. ಚಿಕ್ಕೋಡಿಯಲ್ಲೇ ಇದ್ದು ಸಂಗೀತ ಕಲಿಸುತ್ತಾಳೆ.

"ಮಾಮಾ, ಸಂಜೀಕ ಒಯ್ತೀನ್ರಿ. ಕುತ್ತಿಗಿ ಚಂದ ಕೂತ್ರ ನಮ್ಮ ಕ್ಲಾಸಿನ ವಾದ್ಯಾ ಎಲ್ಲಾ ನಿಮ್ಮ ಕಡೇನ ಬರ್ತಾವ" ಎಂದವಳೇ ಬಸ್ಸು ಹಿಡಿದಳು.

ಮುರಗೆಪ್ಪನ ಅಪ್ಪ ಭಜನೆಯವರಿಗೆ ತಂಬೂರಿ ಮಾಡುತ್ತಿದ್ದ. ಮಗನ ಪಾಲಿಗೆ ಉಳಿದದ್ದು ಹೊರಸಿನ ಕಾಲು, ಕೋಳಿಗೂಡಿನ ಬಾಗಿಲು. ಹಾಡುವ ಮರವನ್ನು ತಾನೂ ಒಮ್ಮೆ ಮುಟ್ಟಬೇಕೆಂದು ಅವನು ಊರ ದೇವರು ಮಲ್ಲಯ್ಯನಲ್ಲಿ ಬೇಡಿಕೊಳ್ಳದ ರವಿವಾರವಿರಲಿಲ್ಲ. ಗಿಟಾರಿನ ಹೊಟ್ಟೆಯನ್ನು ಬೆರಳಿಂದ ತಟ್ಟಿದ. ದೂರದ ಬಾವಿಯಲ್ಲಿ ಕೊಡ ಮುಳುಗಿದಂಥ ದನಿ. ಕಣ್ಣು ತಾವೇ ಮುಚ್ಚಿಕೊಂಡವು.

ಕುತ್ತಿಗೆಯ ಬುಡ ಅರ್ಧ ಡಮರುಗದ ಆಕಾರದಲ್ಲಿತ್ತು. ಹೊಟ್ಟೆಯಲ್ಲೂ ಅಂಥದೇ ಗೂಡು. ಮೇಲಿನಿಂದ ಇಳಿಸಿದರೆ ಇಳಿಯುತ್ತದೆ, ಮುಂದಕ್ಕೆ ಎಳೆದರೆ ಜಪ್ಪಯ್ಯ ಎಂದರೂ ಬಾರದು. ಅಂಟು ಸವರಿ ಕೂಡಿಸಿದ. ಹತ್ತು ಗಂಟೆಗೆಲ್ಲ ಕೆಲಸ ಮುಗಿಯಿತು. ಅಲ್ಲಿಗೇ ಕೈ ತೊಳೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಮುರಗ್ಯಾ, ಇದರ ಇನ್ನೊಂದ ಭುಜಾ ಎಲ್ಲೈತೋ?" ಭೀಮಾಬಾಯಿ ಬಗ್ಗಿ ನೋಡಿ ಕೇಳಿದಳು.

ಹೌದು. ಕುತ್ತಿಗೆಯ ಒಂದು ಮಗ್ಗುಲಿಗೆ ದುಂಡು ಭುಜ. ಇನ್ನೊಂದು ಮಗ್ಗುಲಿಗೆ ಎತ್ತು ಬಾಯಿ ಹಾಕಿ ಹೋದಂಥ ತಗ್ಗು, ಅದರ ತುದಿಗೊಂದು ಚೂಪು.

"ಭಿನ್ನ ಆಗೈತೋ! ಭಿನ್ನಾದ ಮೂರ್ತಿ ಪೂಜಿಗೆ ಬರೂದಿಲ್ಲ. ಭಿನ್ನಾದ ವಾದ್ಯಾ ದೇವರ ಮುಂದ ಹೆಂಗ ಬಾರಸ್ತೈತಿ ನನ್ನ ಕೂಸು?"

ಎದುರಿನ ಟೇಲರ್ ಮೈಬೂಬ ಕೊರಳಲ್ಲಿ ಟೇಪು ತೂಗಾಡಿಸುತ್ತ ಬಂದು ಅಳೆದ. "ಸೊಂಟಾ ಬರಾಬರ ಐತಿ. ಭುಜಾ ಒಂದ ಕಡಿ ನಾಕ ಇಂಚ ಕಮ್ಮಿ. ಹಿಂಗ ಜಂಪರ್ ಹೊಲದ್ರ ಗಿರಾಕಿ ನನ್ನ ಮಾರೀಗೆ ಒಗೀತಾರ."

ಮುರಗೆಪ್ಪ ಹಗುರವಾದ ಕಟ್ಟಿಗೆ ಆರಿಸಿದ, ಕೆತ್ತಿದ, ಉಜ್ಜಿದ, ತಗ್ಗಿಗೆ ಅಂಟಿಸಿದ. ಬೇವಿನ ನೆರಳಲ್ಲಿ ಗಿಟಾರು ಉಂಡು ಮಲಗಿದ ಮಗುವಿನಂತೆ ಕಂಡಿತು. ಅದಕ್ಕೆ ಮಲ್ಲಯ್ಯನ ಭಂಡಾರದ ಅರಿಸಿನ ತುಸು ಹಚ್ಚಿ ಕೈಮುಗಿದ. ಅಪ್ಪ ಎಲ್ಲೋ ನಿಂತು ತಲೆದೂಗಿದಂತಾಯಿತು.

ಮೂರು ಗಂಟೆಗೆ ಮೈಬೂಬ ಮೊಬೈಲು ಹಿಡಿದು ಓಡಿಬಂದ. ಅದರಲ್ಲಿ ಬರೀ ಗಿಟಾರುಗಳು. ದೊಡ್ಡ ಹೊಟ್ಟೆಯವು, ಸಣ್ಣ ಸೊಂಟದವು, ಕುತ್ತಿಗೆಗೆ ಬೋಲ್ಟು ಬಿಗಿದವು, ಮತ್ತೆ ಸಾಲುಸಾಲಾಗಿ ಒಂಟಿ ಭುಜದವು!

"ಘಾತ ಆತೋ ಮುರಗೆಪ್ಪಾ! ಅದು ಮುರದಿದ್ದಲ್ಲ, ಬೇಕಂತ ಕಡದಿದ್ದು. ಬೆರಳು ಕುತ್ತಿಗಿ ಬುಡದ ತಂತಿತನಾ ಮುಟ್ಲಿ ಅಂತ ಬಿಟ್ಟ ಜಾಗಾ!"

"ಮುಂಜಾನೆ ಟೇಪ್ ಹಿಡದಾವ ಯಾರಲೇ?"

"ನಾ ಅಳತಿ ಹೇಳಿದ್ನಿ. ಹೊಲಿ ಅಂದಿದ್ನೇನ?"

ಬಾಯಲ್ಲಿ ಮಲ್ಲಯ್ಯ, ಕೈಯಲ್ಲಿ ಗರಗಸ. ಹಳೆಯ ಅಂಚಿಗೆ ಗೀರು ಬೀಳದಂತೆ ಭುಜ ಬಿಡಿಸಿ, ಒರೆಸಿ, ಎಣ್ಣೆ ಸವರಿದ. ಗಿಟಾರು ಮೊದಲಿನಂತಾಗುವುದಕ್ಕೂ ಸಂಜೆಯ ಬಸ್ಸು ಬರುವುದಕ್ಕೂ ಸರಿಹೋಯಿತು. ಮುರಗೆಪ್ಪ ನಿರಾಳವಾಗಿ ಉಸಿರುಬಿಟ್ಟ.

ಕೋಮಲ ನಗುನಗುತ್ತ ಬಂದವಳು ಗಿಟಾರು ಎತ್ತಿಕೊಂಡಳು. ಎಲ್ಲರೂ ಹಿಡಿಯುವಂತೆ ಹಿಡಿಯಲಿಲ್ಲ. ಕುತ್ತಿಗೆ ಬಲಕ್ಕೆ ಬರುವಂತೆ ತಿರುವಿ, ಎಡಗೈಯಿಂದ ಮೀಟಲು ಹೋದಳು. ಮುಖ ಬಾಡಿತು.

"ಮಾಮಾ, ಭುಜಾ ಎಲ್ಲೈತ್ರಿ?"

"ಯಾ... ಯಾ ಭುಜಾ, ತಂಗಿ?"

"ಹೊಸಾದು ಕೂಡಿಸೀರಿ ಅಂತ ಅಜ್ಜಿ ಮಧ್ಯಾಹ್ನ ಫೋನ್ ಮಾಡಿದ್ಲಲ್ರಿ! ನಾ ರೊಡ್ಡಗೈಯಾಕಿ. ನಾ ಹಿಡದ್ರ ಆ ತಗ್ಗು ಮ್ಯಾಲ ಬಂದು, ಚೂಪು ಎದಿಗೆ ಚುಚ್ಚತೈತಿ. ಮೂರ ವರ್ಷ ತಡಕೊಂಡೇನಿ. ಹೇಳಲಾರದ ನನ್ನ ಸಂಕಟಾ ತಿಳಕೊಂಡ ಬಡಿಗ್ಯಾರು ಸಿಕ್ಕಾರ ಅಂತ ಕ್ಲಾಸಿನ್ಯಾಗ ಎಲ್ಲಾರಿಗೂ ಹೇಳೇನಿ. ಈಗ ಎಲ್ಲಾರೂ ನೋಡಾಕ ಬರಾಕತ್ತಾರ, ಹಿಂದಿನ ಬಸ್ಸಿನ್ಯಾಗ!"

"ಒಂದ ಗಳಿಗಿ ತಡಿ ತಂಗಿ, ಕೂಡಸ್ತೀನಿ!" ಮುರಗೆಪ್ಪ ಚಕ್ಕೆಗಳ ಗುಂಪಿಯನ್ನು ಕೆದರತೊಡಗಿದ.

ಭೀಮಾಬಾಯಿ ಚಹಾ ಹಿಡಿದು ಹೊರಬಂದಳು. "ಏನ ಹುಡಕ್ತಿ? ಆ ದುಂಡ ತುಂಡಾ? ಒಲ್ಯಾಗ ಭಾಳ ಚಂದ ಉರೀತ ನೋಡ. ಕುಡಿ, ಆರತೈತಿ."

ಮುರಗೆಪ್ಪ ಕಪ್ಪು ತೆಗೆದುಕೊಂಡ. ಚಹಾ ಹದವಾಗಿ ಕುದಿದಿತ್ತು.