ಸಭೆಯೆದುರು ನನ್ನನ್ನು ಕಚ್ಚದೆ ಬಿಟ್ಟ ನಾಲ್ಕನೇ ಪೆಟ್ಟಿಗೆಯ ಸೊಳ್ಳೆಗಳಿಗೆ

ಮಾನ್ಯರೇ,

ನೆಲಮಹಡಿಯ ಕೊನೆಯ ಕೋಣೆಯಲ್ಲಿ, ಸದಾ ಹದವಾದ ಬೆಚ್ಚನೆಯ ಹವೆಯಲ್ಲಿ, ಸಕ್ಕರೆ ನೀರಿನ ಸಕಲ ಸೌಕರ್ಯದೊಂದಿಗೆ ವಾಸವಾಗಿರುವ ನಾಲ್ಕನೇ ಪರದೆ ಪೆಟ್ಟಿಗೆಯ ಸಮಸ್ತ ಹೆಣ್ಣು ಸೊಳ್ಳೆಗಳ ಪಾದಗಳಿಗೆ, ಅಂದರೆ ತಲಾ ಆರರಂತೆ ಬಿಳಿ ಪಟ್ಟೆಯ ಅಷ್ಟೂ ಪಾದಗಳಿಗೆ, ತಮ್ಮ ಊಟದ ಉಸ್ತುವಾರಿಯಾದ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನನಗೆ ಗೊತ್ತು, ಏಕೆಂದರೆ ಹತ್ತು ನಿಮಿಷದ ಹಿಂದಷ್ಟೇ ತಾವು ನನ್ನ ಎಡಗೈಯ ಮೇಲೆ ಕೂತು, ಹೊಟ್ಟೆ ಬಿರಿಯುವಷ್ಟು ಕುಡಿದು, ಹಾರಲಾರದೆ ಪರದೆಗೆ ಒರಗಿದ್ದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ನನ್ನ ಕ್ಷೇಮ ವಿಚಾರಿಸುವ ಪದ್ಧತಿ ತಮ್ಮಲ್ಲಿ ಇಲ್ಲದಿರುವುದರಿಂದ ನಾನೇ ತಿಳಿಸಿಬಿಡುತ್ತೇನೆ: ಕೈ ತುರಿಸುತ್ತಿದೆ, ಉಳಿದಂತೆ ಸೌಖ್ಯ.

ಈ ದೂರನ್ನು ನಾನು ಕಚೇರಿಯ ಮೂಲಕ ಕಳಿಸಬೇಕಿತ್ತು. ಆದರೆ ನಮ್ಮ ಕಚೇರಿಯಲ್ಲಿ ಒಂದು ಕಾಗದ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಆರು ವಾರ ಬೇಕು, ತಮ್ಮ ಆಯುಸ್ಸೋ ಹೆಚ್ಚೆಂದರೆ ಒಂದು ತಿಂಗಳು. ಉತ್ತರ ಕೊಡಬೇಕಾದವರು ಮೊಮ್ಮಕ್ಕಳಾಗಿಬಿಡುತ್ತಾರೆ. ಆದ್ದರಿಂದ ಇದನ್ನು ನಮ್ಮ ಸಂಶೋಧನಾ ಸಂಸ್ಥೆಯ ಹೆಬ್ಬಾಗಿಲ ಬಳಿಯ ಫಲಕಕ್ಕೆ ಬಹಿರಂಗವಾಗಿ ಅಂಟಿಸುತ್ತಿದ್ದೇನೆ. ದಾರಿಯಲ್ಲಿ ಹೋಗುವ ವಿದ್ಯಾರ್ಥಿಗಳೂ ಸಾರ್ವಜನಿಕರೂ ಇಣುಕಿ ಓದಿದರೆ ನನ್ನ ಅಭ್ಯಂತರವಿಲ್ಲ, ಓದದಿದ್ದರೆ ಮಾತ್ರ ಬೇಸರವಾಗುತ್ತದೆ.

ಹತ್ತೊಂಬತ್ತು ವರ್ಷಗಳಿಂದ, ರಜಾದಿನಗಳನ್ನೂ ಬಿಡದೆ, ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಪೆಟ್ಟಿಗೆಯ ಬಟ್ಟೆಯ ಬಾಯಿಯೊಳಗೆ ನನ್ನ ಎಡಗೈಯನ್ನು ಮೊಣಕೈವರೆಗೆ ತೂರಿಸಿ ತಮಗೆ ಊಟ ಹಾಕುತ್ತಿರುವವಳು ನಾನು. ತಾವು ರೋಗ ರುಜಿನವಿಲ್ಲದ, ಇದೇ ಕೋಣೆಯಲ್ಲಿ ಹುಟ್ಟಿ ಇದೇ ಕೋಣೆಯಲ್ಲಿ ಮಡಿಯುವ ಶುದ್ಧ ಮನೆತನದವರಾದ್ದರಿಂದ ನನಗೆ ತುರಿಕೆಯ ಹೊರತು ಬೇರೆ ಭಯವಿಲ್ಲ. ತಮ್ಮ ಗಂಡಂದಿರು ಹತ್ತಿಯುಂಡೆಗೆ ಬಾಯಿಟ್ಟು ಸಕ್ಕರೆ ನೀರು ಹೀರುತ್ತ ಮೂಲೆಯಲ್ಲಿ ಕೂತಿರುವಾಗ ಮುಂದಿನ ಪೀಳಿಗೆಗಾಗಿ ದುಡಿಯುವವರು ತಾವೊಬ್ಬರೇ ಎಂಬುದನ್ನು ನೋಡಿ, ಒಬ್ಬ ಸಂಸಾರಸ್ಥೆಯಾಗಿ ನಾನು ಎಷ್ಟೋ ಸಲ ತಲೆದೂಗಿದ್ದೇನೆ. ನಮ್ಮ ಸಂಸ್ಥೆಯವರು ಒಬ್ಬ ಮನುಷ್ಯನಿಂದ ಒಂದು ಹನಿ ರಕ್ತ ತೆಗೆಯಬೇಕಾದರೆ ಹನ್ನೊಂದು ಪುಟದ ಒಪ್ಪಿಗೆ ಪತ್ರ, ನಾಲ್ಕು ಸಹಿ, ಒಂದು ಸಮಿತಿಯ ಅನುಮತಿ ಬೇಕು. ತಾವು ಇದಾವುದೂ ಇಲ್ಲದೆ ಅದೇ ಕೆಲಸವನ್ನು ಮೂರು ನಿಮಿಷದಲ್ಲಿ ಮುಗಿಸುತ್ತೀರಿ. ಆಡಳಿತ ಸುಧಾರಣೆಯ ಕುರಿತು ಉಪನ್ಯಾಸ ಕೊಡಲು ತಮ್ಮನ್ನು ಇನ್ನೂ ಯಾರೂ ಕರೆಯದಿರುವುದು ನನಗೆ ಆಶ್ಚರ್ಯ.

ಹಾಗಂತ ನಾನು ತಮಗೆ ಅಚ್ಚುಮೆಚ್ಚಿನ ಊಟವೇನಲ್ಲ. ಒಂದು ಕಡೆ ನನ್ನ ಕೈ, ಇನ್ನೊಂದು ಕಡೆ ಬೇರೆ ಯಾರದೇ ಕೈ ಇಟ್ಟು ಪರೀಕ್ಷಿಸಿದಾಗಲೆಲ್ಲ ತಾವು ಮುಲಾಜಿಲ್ಲದೆ ಆ ಕಡೆ ಹೋಗಿದ್ದೀರಿ. ಹಾಸ್ಟೆಲಿನ ಊಟದ ಹಾಗೆ, ಬೇರೇನೂ ಇಲ್ಲದಾಗ ನನ್ನನ್ನು ಸಹಿಸಿಕೊಳ್ಳುತ್ತೀರಿ. ಸೊಳ್ಳೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ, ಚರ್ಮದ ವಾಸನೆಯಲ್ಲಿ ಅಂಥದ್ದೇನಿದೆ ಎಂಬುದೇ ನಮ್ಮ ಡಾಕ್ಟರಮ್ಮನವರ ಸಂಶೋಧನೆ. ಅದು ಗೊತ್ತಾದರೆ ಜ್ವರ ಹರಡುವ ತಮ್ಮ ಹೊರಗಿನ ನೆಂಟರಿಂದ ಮಕ್ಕಳನ್ನು ಕಾಪಾಡಲು ಒಂದು ದಾರಿ ಸಿಗಬಹುದು. ಅದಕ್ಕೆ ನೂರು ಜನ ಬೇಕಿತ್ತು. ಕಾಲುಚೀಲದ ಹಾಗೆ ಕೈಗೆ ಎಳೆದುಕೊಳ್ಳುವ ಒಂದು ಬಟ್ಟೆಯ ತೋಳುಚೀಲವನ್ನು ಅವರು ಒಂದು ದಿನ ಹಾಕಿಕೊಂಡಿರಬೇಕು, ಅಂದು ಆ ಕೈಗೆ ಸೋಪು, ಕ್ರೀಮು, ಸೆಂಟು ಸೋಕಿಸಬಾರದು, ಮರುದಿನ, ಮೈವಾಸನೆ ಹೀರಿದ ಅದನ್ನು ತಮ್ಮ ಮುಂದಿಟ್ಟು ಪರೀಕ್ಷಿಸಲು ಪೊಟ್ಟಣದಲ್ಲಿ ಹಾಕಿ ತಂದುಕೊಡಬೇಕು. ಇಷ್ಟೇ ಸೇವೆ. ಇದಕ್ಕಾಗಿ 'ಮಾನವಕುಲದ ಒಳಿತಿಗಾಗಿ ವೈದ್ಯಕೀಯ ಸಂಶೋಧನೆಗೆ ಕೈಜೋಡಿಸಿ' ಎಂದು ಸೂಕ್ಷ್ಮದರ್ಶಕದ ಚಿತ್ರ ಹಾಕಿದ ಭಿತ್ತಿಪತ್ರ ಊರೆಲ್ಲ ಅಂಟಿಸಿದೆವು. ಎರಡು ತಿಂಗಳಲ್ಲಿ ಹದಿನಾಲ್ಕು ಜನ ಕೈಜೋಡಿಸಿದರು, ಅವರಲ್ಲಿ ಒಂಬತ್ತು ಮಂದಿ ನಮ್ಮ ಕಟ್ಟಡದವರೇ. ತಿಂಗಳ ಕೊನೆಯೊಳಗೆ ನೂರಾಗದಿದ್ದರೆ ಸಂಶೋಧನೆಯನ್ನು ನಿಲ್ಲಿಸಲಾಗುವುದೆಂದು ಮೇಲಿನಿಂದ ಕಾಗದ ಬಂತು.

ಆಗ ಡಾಕ್ಟರಮ್ಮ ಸಾರ್ವಜನಿಕರ ಭೇಟಿಯ ದಿನವನ್ನು ಏರ್ಪಡಿಸಿದರು. ಕಾರ್ಯಕ್ರಮದ ಮುಖ್ಯ ಆಕರ್ಷಣೆ ತಾವು: ನಾನು ಕೈ ಇಡುವುದು, ತಾವು ಮುತ್ತುವುದು, ಜನ ಬೆರಗಾಗುವುದು, ಬೆರಗಾದ ಜನ ಹೆಸರು ಬರೆಸುವುದು. ಸಿಬ್ಬಂದಿಯ ಮನೆಯವರಿಗೂ ಆಹ್ವಾನವಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಅಮ್ಮ ಬರುತ್ತೇನೆಂದಳು.

ಇಲ್ಲಿ ತಮಗೆ ಒಂದು ವಿಷಯ ಅರಿಕೆ ಮಾಡಬೇಕು. ನನಗೊಬ್ಬಳು ಅಕ್ಕ ಇದ್ದಳು. ಅವಳಿಗೆ ಹನ್ನೊಂದು, ನನಗೆ ಒಂಬತ್ತು ವರ್ಷವಾಗಿದ್ದಾಗ, ತಮ್ಮ ಹೊರಗಿನ ನೆಂಟರೊಬ್ಬರು ಕಚ್ಚಿ ಹತ್ತಿಸಿದ ಜ್ವರದಲ್ಲಿ ಆರೇ ದಿನಕ್ಕೆ ಹೋಗಿಬಿಟ್ಟಳು. ನಾನು ಈ ಕೆಲಸಕ್ಕೆ ಸೇರಿದ ದಿನ ಅಮ್ಮ ಒಂದೇ ಮಾತು ಕೇಳಿದ್ದಳು: "ನನ್ನ ಮಗಳನ್ನ ತಿಂದವಕ್ಕೆ ನೀನು ಊಟ ಹಾಕ್ತೀಯಾ?" ಆಮೇಲೆ ಅವಳು ನನ್ನ ಕೆಲಸದ ಸುದ್ದಿ ಎತ್ತಲಿಲ್ಲ. ಮನೆಯಲ್ಲಿ ನಾನು ಎಷ್ಟೇ ಸೆಕೆಯಿದ್ದರೂ ಉದ್ದ ತೋಳಿನ ರವಿಕೆ ಹಾಕಿಕೊಳ್ಳುತ್ತೇನೆ, ಅವಳು ನನ್ನ ಎಡಗೈಯತ್ತ ನೋಡುವುದಿಲ್ಲ. ಹೀಗೆಯೇ ನಮ್ಮಿಬ್ಬರ ಸಂಸಾರ ನಡೆದುಕೊಂಡು ಬಂದಿದೆ.

ಇಂಥ ಅಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ, ಕೈಚೀಲವನ್ನು ಮಡಿಲಲ್ಲಿ ಭದ್ರವಾಗಿ ಹಿಡಿದು ಕೂತಿದ್ದಳು. ಹಿಂದೆ ಅರವತ್ತು ವಿದ್ಯಾರ್ಥಿಗಳು, ಅವರ ಇಬ್ಬರು ಮೇಷ್ಟರು, ನಿವೃತ್ತರ ಸಂಘದವರು, ಪಕ್ಕದ ಬೀದಿಯ ಅಂಗಡಿಯವರು. ಡಾಕ್ಟರಮ್ಮ ಸೊಳ್ಳೆಗಳ, ಅಂದರೆ ತಮ್ಮ, ಗುಣಗಾನ ಮಾಡಿದರು. ನಿನ್ನೆಯಿಂದ ಉಪವಾಸವಿರುವ ಇನ್ನೂರು ಹಸಿದ ಜೀವಗಳು ಈಗ ಹೇಗೆ ಎರಗುತ್ತವೆ ನೋಡಿ ಎಂದರು. ನಾನು ಗಂಭೀರವಾಗಿ ರವಿಕೆಯ ತೋಳು ಮೇಲಕ್ಕೆ ಮಡಚಿ ಕೈ ಒಳಗಿಟ್ಟೆ.

ತಾವು ಏನು ಮಾಡಿದಿರಿ? ಒಬ್ಬರಾದರೂ ಬಂದಿರಾ? ಹತ್ತಿರ ಬಂದವರೂ ಏನೋ ನೆನಪಾದವರಂತೆ ಹಿಂದಕ್ಕೆ ತಿರುಗಿ ಮೇಲಿನ ಮೂಲೆಗೆ ಹೋಗಿ ಕೂತಿರಿ. ಒಂದು ನಿಮಿಷವಾಯಿತು, ಮೂರಾಯಿತು, ಐದಾಯಿತು. ನಾನು ಬೆರಳಾಡಿಸಿದೆ, ಕೈ ತಿರುಗಿಸಿದೆ, ಮಗುವನ್ನು ಕರೆಯುವಂತೆ ಬಾಯಲ್ಲಿ ಸದ್ದು ಕೂಡ ಮಾಡಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು "ಪಾಪ, ಆಂಟೀನ ಕಂಡ್ರೆ ಸೊಳ್ಳೆಗೂ ಹೆದರಿಕೆ" ಎಂದಳು, ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಹತ್ತೊಂಬತ್ತು ವರ್ಷ ಉಂಡ ಮನೆಯ ಮಾನವನ್ನು ತಾವು ಹೀಗೆ ತೆಗೆಯಬಹುದೇ? ಬೇಡವಾಗಿದ್ದರೆ ಮುಂಚಿತವಾಗಿ ಒಂದು ರಜೆ ಅರ್ಜಿಯನ್ನಾದರೂ ಕೊಡಬಾರದಿತ್ತೇ?

ಇಷ್ಟು ಬರೆದ ಮೇಲೆ ಇನ್ನೊಂದು ವಿಷಯವನ್ನು ನುಂಗಿಕೊಳ್ಳುವುದು ನ್ಯಾಯವಲ್ಲ. ಕ್ಷೌರದಂಗಡಿ ನಡೆಸುವ ನಮ್ಮ ಮನೆಯವರು ಅಂದು ಬೆಳಿಗ್ಗೆ ನನ್ನ ಕೈಯನ್ನು ಹಿಡಿದು ನೋಡಿ, "ಇಷ್ಟೊಂದು ಕಲೆ ಅಮ್ಮನ ಕಣ್ಣಿಗೆ ಬಿದ್ರೆ ಏನ್ ಚೆನ್ನಾಗಿರುತ್ತೆ, ತಾಳು" ಎಂದು, ಅಂಗಡಿಯ ಅತ್ಯುತ್ತಮ ಡಬ್ಬಿಯನ್ನು ತೆರೆದು, ಮೊಣಕೈವರೆಗೆ ಎರಡು ಸಲ ನಿಂಬೆ ವಾಸನೆಯ ಕ್ರೀಮು ತಿಕ್ಕಿದ್ದರು. ನಾನೂ ಕಣ್ಣು ಮುಚ್ಚಿ ತಿಕ್ಕಿಸಿಕೊಂಡೆ. ಸೊಳ್ಳೆ ಕೋಣೆಯ ಬಾಗಿಲ ಮೇಲೆ 'ಕೈಗೆ ಕ್ರೀಮು ಹಚ್ಚಿದವರು ಒಳಗೆ ಬರಕೂಡದು' ಎಂದು ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದವಳು ನಾನೇ. ಆ ಒಂದು ಸಾಲಿಗಾಗಿ ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳನ್ನು ಅಳುವವರೆಗೆ ಬೈದವಳೂ ನಾನೇ. ಅಂದು ಅದೇ ಬಾಗಿಲಿನಿಂದ ನಿಂಬೆಯಂತೆ ಘಮಘಮಿಸುತ್ತ ಒಳಗೆ ಬಂದಿದ್ದೆ. ಆದ್ದರಿಂದ ತಮ್ಮ ಮೇಲಿನ ದೂರನ್ನು ಅರ್ಧಕ್ಕೆ ಇಳಿಸುತ್ತಿದ್ದೇನೆ. ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ, ಹಳೆಯ ಪರಿಚಯಕ್ಕಾದರೂ ಒಬ್ಬರು ಮೂಗು ಮುಚ್ಚಿಕೊಂಡು ಕಚ್ಚಬಹುದಿತ್ತು.

ಅಷ್ಟರಲ್ಲಿ ಸಭೆ ಕೈತಪ್ಪಿತ್ತು. ನಿವೃತ್ತರ ಸಂಘದ ಹಿರಿಯರೊಬ್ಬರು ಎದ್ದು, ತಮಗೂ ಸೊಳ್ಳೆ ಕಚ್ಚುವುದೇ ಇಲ್ಲವೆಂದೂ, ಅದು ತಾವು ಪಾಲಿಸಿಕೊಂಡು ಬಂದ ಶಿಸ್ತಿನ ಫಲವೆಂದೂ ಭಾಷಣ ಶುರು ಮಾಡಿದರು. ಅವರ ಹೆಂಡತಿ ಕೂತಲ್ಲಿಂದಲೇ "ಶಿಸ್ತೂ ಇಲ್ಲ ಮಣ್ಣೂ ಇಲ್ಲ, ಇವರ ಪಾಲಿಂದೂ ನನಗೇ ಕಚ್ಚುತ್ವೆ" ಎಂದರು. ಅಂಗಡಿಯವರು ಅದು ರಕ್ತದ ಗುಂಪಿನ ಮಹಿಮೆ ಎಂದರು, ಮೇಷ್ಟರು ಬೆವರು ಎಂದರು, ಅವಳಿಜವಳಿ ಹುಡುಗಿಯರಿಬ್ಬರು ತಮ್ಮಲ್ಲಿ ಯಾರಿಗೆ ಹೆಚ್ಚು ಕಚ್ಚುತ್ತದೆಂದು ಕೈ ಮುಂದೆ ಚಾಚಿ ಜಗಳಕ್ಕೇ ಇಳಿದರು. ಡಾಕ್ಟರಮ್ಮ ಬಾಯಿ ತೆರೆದು ನೋಡುತ್ತಿದ್ದರು. ಎರಡು ತಿಂಗಳು ಭಿತ್ತಿಪತ್ರದಲ್ಲಿ ಕೇಳಿದರೂ ಯಾರಿಗೂ ಬೇಡವಾಗಿದ್ದ ಪ್ರಶ್ನೆಯನ್ನು ಈಗ ಕೋಣೆಯೆಲ್ಲ ಕಿರುಚಿ ಕೇಳುತ್ತಿತ್ತು.

ಆ ಗದ್ದಲದಲ್ಲಿ ಅಮ್ಮ ಎದ್ದು ಪೆಟ್ಟಿಗೆಯ ಹತ್ತಿರ ಬಂದಳು. ಡಾಕ್ಟರಮ್ಮನ ಕಡೆ ತಿರುಗಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವಳಿಗೆ ಆಗಲೂ ಕಚ್ಚಲಿಲ್ಲ ಕಣಮ್ಮಾ. ಸ್ಕೂಲಿಂದ ಬಂದು ಅಕ್ಕ ತಂಗಿ ಇಬ್ಬರೂ ಒಂದೇ ಹಾಸಿಗೇಲಿ ಮಲಗೋರು. ದೊಡ್ಡವಳ ಮೈ ತುಂಬ ಗುಳ್ಳೆ, ಇವಳಿಗೆ ಒಂದೂ ಇಲ್ಲ. ಯಾಕೆ ಅಂತ ಎಲ್ಲರನ್ನೂ ಕೇಳಿದೆ. ಹಣೆಬರಹ ಅಂದ್ರು, ಅಷ್ಟೇ." ಡಾಕ್ಟರಮ್ಮ ವಿಜ್ಞಾನದ ಮಹತ್ವದ ಬಗ್ಗೆ ಬರೆದುಕೊಂಡು ಬಂದಿದ್ದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಮಗೂ ಗೊತ್ತಿಲ್ಲಮ್ಮಾ. ಅದಕ್ಕೇ ಕೇಳ್ತಾ ಇದ್ದೀವಿ" ಎಂದರು.

ಕಚ್ಚಿದ್ದರೆ ನಿನ್ನನ್ನೇ ಕಚ್ಚಬಾರದಿತ್ತೇ ಎಂದು ಅಮ್ಮ ಮನಸ್ಸಿನಲ್ಲಿ ಅಂದುಕೊಂಡಿರಬಹುದೆಂಬ ಭಯವನ್ನು ನಾನು ನಲವತ್ತು ವರ್ಷ ಇಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ತಮಗೂ ಹೇಳಿರಲಿಲ್ಲ. ಅವಳು ಪೆಟ್ಟಿಗೆಯಿಂದ ನನ್ನ ಕೈಯನ್ನು ತಾನೇ ಹೊರಗೆಳೆದು, ಸೆರಗಿನಿಂದ ಕ್ರೀಮು ಒರೆಸಿ, ಅಡಿಯಲ್ಲಿದ್ದ ಕಲೆಗಳನ್ನೆಲ್ಲ ಒಂದೊಂದಾಗಿ ನೋಡಿದಳು. "ಇದೆಲ್ಲಾ ಆ ಉತ್ತರ ಹುಡುಕೋದಕ್ಕೇನೇ?" ಎಂದಳು. ನಾನು ಹೌದೆಂದೆ. ಆಗ ನನಗೆ ಅಳು ಬಂತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅರವತ್ತು ಮಕ್ಕಳು ನೋಡಿದ್ದಾರೆ.

ಅಂದು ಸಂಜೆಯೊಳಗೆ ಎಪ್ಪತ್ತೊಂದು ಜನ ದೊಡ್ಡವರು ಹೆಸರು ಬರೆಸಿದರು, ಮಕ್ಕಳು ತಂದೆ ತಾಯಿಯ ಸಹಿಗೆಂದು ಒಪ್ಪಿಗೆ ಪತ್ರ ಹಿಡಿದು ಓಡಿದರು. ವಾರದೊಳಗೆ ನೂರಹನ್ನೆರಡಾಯಿತು. ಶಿಸ್ತಿನ ಹಿರಿಯರೂ ಅವರ ಹೆಂಡತಿಯೂ ಒಟ್ಟಿಗೇ ಬಂದು, ಫಲಿತಾಂಶ ಮೊದಲು ತಮಗೇ ತಿಳಿಸಬೇಕೆಂದು ಬೇರೆ ಬೇರೆಯಾಗಿ ಕೇಳಿಕೊಂಡು ಹೋದರು. ಈ ಯಶಸ್ಸು ಸೊಳ್ಳೆಗಳಾದ ತಮ್ಮ ಅಸಹಕಾರದಿಂದಲೇ ಬಂದದ್ದೆಂದು ಡಾಕ್ಟರಮ್ಮ ವರದಿಯಲ್ಲಿ ಬರೆದಿದ್ದಾರೆ, ನನ್ನ ಕ್ರೀಮಿನ ಹೆಸರೂ ಅದರಲ್ಲಿದೆ.

ಇರಲಿ. ಇನ್ನು ಮುಂದಾದರೂ ತಾವು ಕೆಲವು ಸಣ್ಣ ವಿಷಯಗಳಲ್ಲಿ ಸಹಕರಿಸಬೇಕೆಂದು ಕೋರುತ್ತೇನೆ. ಕಚ್ಚುವ ಮುನ್ನ ಅತಿಥಿಗಳತ್ತ ಮುಖಮಾಡಿ ಒಂದು ಕ್ಷಣ ನಿಲ್ಲಬೇಕು, ಕಚ್ಚದಿದ್ದರೆ ಕಾರಣವನ್ನು ಸ್ಪಷ್ಟ ಅಕ್ಷರದಲ್ಲಿ ಬರೆದುಕೊಡಬೇಕು. ಒಪ್ಪಿಗೆ ಪತ್ರದ ಹನ್ನೊಂದು ಪುಟಗಳನ್ನು ತಾವೂ ಓದಿ ಸಹಿ ಮಾಡಿದರೆ, ಮನುಷ್ಯರೂ ಓದಿಯೇ ಸಹಿ ಹಾಕುವ ಅಭ್ಯಾಸ ಬೆಳೆಸಿಕೊಳ್ಳುತ್ತಾರೆ. ಸಂಶೋಧನೆ ಎಂದರೆ ಬಿಳಿ ಕೋಟಿನವರು ಬಾಗಿಲು ಹಾಕಿಕೊಂಡು ಮಾಡುವ ಕೆಲಸ, ನಮಗೂ ಅದಕ್ಕೂ ಏನು ಸಂಬಂಧ ಎನ್ನುವವರ ಕಿವಿಯ ಬಳಿ ಹೋಗಿ, ತಮಗೆ ಸಹಜವಾದ ಸಂಗೀತದಲ್ಲಿ, ಸಂಬಂಧವನ್ನು ಸ್ವಲ್ಪ ವಿವರಿಸಬೇಕು. ತಮ್ಮ ಮಾತಾದರೆ ಅವರು ಎದ್ದು ಕೂತು ಕೇಳುತ್ತಾರೆ.

ಕೊನೆಯದಾಗಿ, ಪಟ್ಟಿ ಮುಚ್ಚಿದ ಮರುದಿನ ಅಮ್ಮ ಒಬ್ಬಳೇ ಬಂದು ತೋಳುಚೀಲ ಕೇಳಿದಳು. ನೂರು ಎಂದೋ ತುಂಬಿತ್ತು, ಆದರೂ ಡಾಕ್ಟರಮ್ಮ ಮರುಮಾತಾಡದೆ ನೂರಹದಿಮೂರನೇ ಸಾಲು ಗೀಚಿದರು. ಅಮ್ಮ ಕನ್ನಡಕ ಹಾಕಿಕೊಂಡು ಒಪ್ಪಿಗೆ ಪತ್ರವನ್ನು ಎರಡು ದಿನ ಓದಿದಳು. ಆ ಪತ್ರವನ್ನು ಪೂರ್ತಿ ಓದಿದ ಮೊದಲ ವ್ಯಕ್ತಿ ಅವಳೇ ಇರಬೇಕು, ಏಳನೇ ಪುಟದಲ್ಲಿ ಒಂದು ತಪ್ಪನ್ನೂ ತೋರಿಸಿದಳು. ಉತ್ತರ ಸಿಗಲು ಎರಡು ವರ್ಷವಾದರೂ ಬೇಕು, ಸಿಗದೆಯೂ ಇರಬಹುದು ಎಂದು ಅದರಲ್ಲೇ ಬರೆದಿದೆ. ಅವಳು ಅದರ ಕೆಳಗೂ ಸಹಿ ಹಾಕಿದ್ದಾಳೆ. ಈಗ ನಾನು ಮನೆಯಲ್ಲಿ ಗಿಡ್ಡ ತೋಳಿನ ರವಿಕೆ ಹಾಕುತ್ತೇನೆ. ಸಂಜೆ ಅವಳು ನನ್ನ ಕೈ ಹಿಡಿದು ಒದ್ದೆ ಬಟ್ಟೆಯಿಂದ ಒತ್ತುತ್ತಾಳೆ, ಬರೀ ನೀರು, ಕ್ರೀಮು ಕೂಡದೆಂದು ಅವಳಿಗೂ ಗೊತ್ತು.

ನಾಳೆ ಹನ್ನೊಂದಕ್ಕೆ ಬರುತ್ತೇನೆ, ಕೈಯನ್ನು ನಿರ್ಗಂಧವಾಗಿ ತರುತ್ತೇನೆ ಎಂಬ ಭರವಸೆಯೊಂದಿಗೆ,

ಹತ್ತೊಂಬತ್ತು ವರ್ಷದ ತುರಿಕೆಯೊಡನೆ
ತಮ್ಮ ವಿಶ್ವಾಸಿ,
ಸೊಳ್ಳೆ ಕೋಣೆಯ ಉಸ್ತುವಾರಿ ಮತ್ತು ಉಪಾಹಾರ

ಮರೆತಿದ್ದೆ: ತಮ್ಮನ್ನು ಕ್ಷಮಿಸಿದ್ದಾಳೆಯೇ ಎಂದು ಅಮ್ಮನನ್ನು ಕೇಳಿದೆ. ಇಲ್ಲವಂತೆ. ಆದರೆ ಇಂದು ಬೆಳಿಗ್ಗೆ ನಾನು ಹೊರಡುವುದು ಐದು ನಿಮಿಷ ತಡವಾದಾಗ ಬಾಗಿಲವರೆಗೆ ಬಂದು ಗದರಿದಳು: "ಬೇಗ ಹೋಗು, ಅವಕ್ಕೆ ಹೊತ್ತಿಗೆ ಸರಿಯಾಗಿ ಊಟ ಹಾಕು. ನನಗೆ ಉತ್ತರ ಹೇಳೋ ತನಕ ಒಂದೂ ಸಾಯಕೂಡದು."